ತವರೇ ಇಲ್ಲದ ರಾಜಕುಮಾರಿ

ಮಕ್ಕಳಿಗೆ ರಜೆ ಬಂತೆಂದರೆ ಸಾಕು, ನಮಗೆಲ್ಲ ತವರಿನ ನೆನಪು ಶುರು. ಅಲ್ವಾ? ಈ ಸಲ ನಾನೂ ಮಕ್ಕಳನ್ನು ಕಟ್ಟಿಕೊಂಡು ಕಡೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಪಂಚನಹಳ್ಳಿಗೆ ಹೋಗಿದ್ದೆ. ಹೋದ ಮಾರನೇ ದಿನವೇ ಪಕ್ಕದ ಮನೆಯ ಜಗಲಿಯಲ್ಲಿ ಹೊಸ ಮುಖವೊಂದು ಕಂಡಿತು. ಹದಿಮೂರು ವರ್ಷದ ಹುಡುಗಿ. ಜೇನುಬಣ್ಣದ ಕೂದಲು, ಬೆಳ್ಳನೆಯ ಮೈ. ಕಣ್ಣು ಮಾತ್ರ ಥೇಟ್ ಅವಳಮ್ಮನದೇ.

ಆ ಅಮ್ಮ ನನ್ನ ಜೊತೆ ಕುಂಟೆಬಿಲ್ಲೆ ಆಡಿ ಬೆಳೆದವಳು. ಓದಲೆಂದು ವಿದೇಶಕ್ಕೆ ಹೋಗಿ, ಅಲ್ಲಿಯವರನ್ನೇ ಮದುವೆಯಾಗಿ, ಸುಖವಾಗಿಯೇ ಇದ್ದಳು. ಎರಡು ವರ್ಷದ ಹಿಂದೆ ಕಾಯಿಲೆ ಬಂದು ತೀರಿಕೊಂಡಳು. ಈಗ ಅಪ್ಪ ಮಗಳನ್ನು ಒಂದು ತಿಂಗಳ ಮಟ್ಟಿಗೆ ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದರು.

ಮನೆಗೆ ಬಂದವರೆಲ್ಲ ಆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಲೆಕ್ಕ ಹಾಕೋರು. ಬಣ್ಣ ಅಪ್ಪನದು, ಮೂಗು ಅಮ್ಮನದು, ನಡಿಗೆ ಯಾರದ್ದೋ ಏನೋ ಅಂತ. ಅಜ್ಜಿಯೋ, ಕೂಸು ಅಳುತ್ತದೆ ಅಂತ ಮಗಳ ಫೋಟೊವನ್ನೇ ತೆಗೆದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದರು. ಒಂದು ಸಂಜೆ ಹುಡುಗಿ ನನ್ನ ಪಕ್ಕ ಬಂದು ಕೂತು, ತೊದಲುಗನ್ನಡದಲ್ಲಿ, ಆಂಟಿ ನಾನು ಇಲ್ಲಿಯವಳಾ ಅಲ್ಲಿಯವಳಾ ಅಂತ ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದಾಗ ನೆನಪಾದವಳು ಗೌರಮ್ಮ. ಕೊಡಗಿನ ರಾಜಕುಮಾರಿ ಗೌರಮ್ಮ.

ಮಡಿಕೇರಿಗೆ ಪ್ರವಾಸ ಹೋದಾಗ ಕೋಟೆಯೊಳಗಿನ ಅರಮನೆ, ರಾಜಾಸೀಟು, ರಾಜರ ಗದ್ದಿಗೆ ಎಲ್ಲವನ್ನೂ ನೀವು ನೋಡಿರುತ್ತೀರಿ. ಮಾಸ್ತಿಯವರ ಚಿಕವೀರ ರಾಜೇಂದ್ರ ಕಾದಂಬರಿಯನ್ನೂ ಓದಿರಬಹುದು. ಆ ಕೊನೆಯ ರಾಜನ ಮಗಳೇ ಈಕೆ. ಇಂಗ್ಲೆಂಡಿನ ರಾಣಿಯ ಸಾಕುಮಗಳು ಅಂತ ಹೆಸರಾದವಳು. ಕೇಳೋಕೆ ಕಿನ್ನರಿ ಕಥೆಯ ಹಾಗಿದೆ. ಆದರೆ ಒಬ್ಬ ತಾಯಿಯಾಗಿ ಆಕೆಯ ಬದುಕನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ.

ಕಾಶಿಯಲ್ಲಿ ಹುಟ್ಟಿದ ಕೊಡಗಿನ ಮಗಳು

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತು. ಹಾಲೇರಿ ವಂಶದ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಗಂಟುಮೂಟೆ, ಪರಿವಾರ ಸಮೇತ ಊರು ಬಿಡಿಸಿ ದೂರದ ಕಾಶಿಯಲ್ಲಿ ಇರಿಸಿದರು. ಕಂಪನಿ ಕೊಟ್ಟಷ್ಟು ಪಿಂಚಣಿ, ಕಂಪನಿ ಹೇಳಿದಷ್ಟೇ ಓಡಾಟ. ಅಲ್ಲಿ 1841ರಲ್ಲಿ ಹುಟ್ಟಿದ ಮಗಳೇ ಗೌರಮ್ಮ. ಹೆತ್ತ ತಾಯಿ ಮಗು ಹಸುಗೂಸಾಗಿದ್ದಾಗಲೇ ಕಣ್ಣು ಮುಚ್ಚಿದಳು. ಅಮ್ಮನ ಮುಖ ಹೇಗಿತ್ತು ಅನ್ನುವುದೇ ಆ ಮಗುವಿಗೆ ಗೊತ್ತಾಗಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಜಗತ್ತೆಲ್ಲ ಆಕೆಯನ್ನು ಕೊಡಗಿನ ರಾಜಕುಮಾರಿ ಅಂತಲೇ ಕರೆಯಿತು. ಆದರೆ ಕೊಡಗಿನ ಮಣ್ಣನ್ನು ಆಕೆ ಒಮ್ಮೆಯೂ ತುಳಿಯಲಿಲ್ಲ. ಕಾವೇರಿಯನ್ನು ಕಾಣಲಿಲ್ಲ. ಹುಟ್ಟಿದ್ದು ಗಂಗೆಯ ದಡದಲ್ಲಿ, ಸತ್ತಿದ್ದು ಥೇಮ್ಸ್ ನದಿಯ ಊರಲ್ಲಿ. ಊರಿನ ಹೆಸರೊಂದೇ ಆಕೆಯ ಪಾಲಿಗೆ ಉಳಿದ ಆಸ್ತಿ.

ರಾಜನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ತಮ್ಮ ಮನೆತನದ ಹಣ ಕಂಪನಿಯ ಬಳಿ ಇದೆ, ಅದನ್ನು ಹೇಗಾದರೂ ವಾಪಸ್ ಪಡೆಯಬೇಕು. ಅದಕ್ಕೆ ದೊಡ್ಡವರ ನೆರವು ಬೇಕಿತ್ತು. ಇನ್ನೊಬ್ಬ ಮಗಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರನಿಗೆ ಮದುವೆ ಮಾಡಿಕೊಟ್ಟಿದ್ದ. ಇನ್ನು ಗೌರಮ್ಮ. ಅಪ್ಪನ ಕಣ್ಣಿಗೆ ಆಕೆ ಮುದ್ದಿನ ಮಗಳೂ ಹೌದು, ಕೈಯಲ್ಲಿ ಉಳಿದಿದ್ದ ಕೊನೆಯ ದಾಳವೂ ಹೌದು. ಕಂಪನಿಯ ಅನುಮತಿ ಪಡೆದು 1852ರಲ್ಲಿ ಹನ್ನೊಂದರ ಆಸುಪಾಸಿನ ಮಗಳನ್ನು ಕರೆದುಕೊಂಡು ಹಡಗು ಹತ್ತಿದ.

ಹೊಸ ಹೆಸರು, ಹೊಸ ದೇವರು

ಲಂಡನ್ ತಲುಪಿದ ಸ್ವಲ್ಪ ದಿನದಲ್ಲೇ ಹುಡುಗಿಯ ಬದುಕು ತಲೆಕೆಳಗಾಯಿತು. ಮಗಳನ್ನು ಕ್ರೈಸ್ತಳಾಗಿ ಬೆಳೆಸಲು ರಾಜ ಒಪ್ಪಿದ್ದ. 1852ರಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಕೆಗೆ ದೀಕ್ಷೆ ಕೊಟ್ಟರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. ರಾಣಿಯ ಹೆಸರನ್ನೇ ಹುಡುಗಿಗೂ ಇಟ್ಟರು. ಲಿಂಗಾಯತ ಅರಸುಮನೆತನದ ಗೌರಮ್ಮ ಅಂದಿನಿಂದ ವಿಕ್ಟೋರಿಯಾ ಗೌರಮ್ಮ.

ರಾಣಿ ಕೆಟ್ಟವರಾಗಿದ್ದರಾ? ಖಂಡಿತ ಇಲ್ಲ. ಹುಡುಗಿಯ ಮೇಲೆ ನಿಜವಾದ ಅಕ್ಕರೆ ಇಟ್ಟಿದ್ದರು. ಅರಮನೆಗೆ ಕರೆಸಿಕೊಳ್ಳುತ್ತಿದ್ದರು, ಉಡುಗೊರೆ ಕೊಡುತ್ತಿದ್ದರು. ಆ ಕಾಲದ ದೊಡ್ಡ ಚಿತ್ರಕಾರ ವಿಂಟರ್‌ಹಾಲ್ಟರ್‌ನಿಂದ ಆಕೆಯ ವರ್ಣಚಿತ್ರ ಬರೆಸಿದರು. ಶಿಲ್ಪಿ ಮಾರೊಕೆಟಿ ಅಮೃತಶಿಲೆಯಲ್ಲಿ ಆಕೆಯ ಪ್ರತಿಮೆ ಮಾಡಿದ.

ಆ ವರ್ಣಚಿತ್ರವನ್ನು ಎಲ್ಲಾದರೂ ನೋಡಲು ಸಿಕ್ಕರೆ ಒಂದು ನಿಮಿಷ ನಿಂತು ನೋಡಿ. ಮೈಮೇಲೆ ನಮ್ಮ ಕಡೆಯ ಒಡವೆ, ನಮ್ಮ ದೇಶದ ಉಡುಗೆ. ಕೈಯಲ್ಲಿ ಬೈಬಲ್. ಒಂದೇ ಪುಟ್ಟ ಮೈಯಲ್ಲಿ ಎರಡು ಲೋಕ. ನೋಡುವವರಿಗೆ ಅದು ಚಂದ. ಆದರೆ ಆ ಎರಡು ಲೋಕವನ್ನು ಹೊತ್ತುಕೊಂಡು ನಿಂತ ಮಗುವಿಗೆ ಎಷ್ಟು ಭಾರ ಅಂತ ಆಗ ಯಾರೂ ಕೇಳಲಿಲ್ಲ.

ಅಪ್ಪ ಇದ್ದೂ ಇಲ್ಲದ ಹಾಗೆ

ದೀಕ್ಷೆಯಾದ ಮೇಲೆ ಗೌರಮ್ಮನನ್ನು ಡ್ರಮಂಡ್ ಎಂಬ ಮೇಜರ್ ದಂಪತಿಯ ವಶಕ್ಕೆ ಕೊಟ್ಟರು. ಓದು, ಆಟ, ಊಟ, ಪ್ರಾರ್ಥನೆ ಎಲ್ಲವೂ ಇಂಗ್ಲಿಷ್ ರೀತಿ. ಅಪ್ಪ ಅದೇ ಲಂಡನ್ನಿನಲ್ಲಿ ಇದ್ದ. ಆದರೆ ಅವನ ಒಡನಾಟ ಜಾಸ್ತಿಯಾದರೆ ಹುಡುಗಿ ಹಳೆಯ ದಾರಿಗೆ ಹೋಗಿಬಿಡುತ್ತಾಳೆ ಅನ್ನುವ ಭಯ ಆಕೆಯನ್ನು ಸಾಕುತ್ತಿದ್ದವರಿಗೆ. ಹಾಗಾಗಿ ಅಪ್ಪ ಮಗಳ ಭೇಟಿಗೆ ಕಡಿವಾಣ ಬಿತ್ತು.

ಸ್ವಲ್ಪ ಯೋಚಿಸಿ. ಅಮ್ಮನಿಲ್ಲ. ಅಪ್ಪನಿದ್ದೂ ಇಲ್ಲ. ಒಡಹುಟ್ಟಿದವರು ಏಳು ಸಮುದ್ರದಾಚೆ. ಮನೆಯ ಅಡುಗೆ, ಮನೆಯ ಮಾತು, ಹಬ್ಬ ಹರಿದಿನ ಯಾವುದೂ ಹತ್ತಿರದಲ್ಲಿಲ್ಲ. ನೆನಪಾಗಿ ಅತ್ತರೆ ಅದು ಒಳ್ಳೆಯ ಹುಡುಗಿಯ ಲಕ್ಷಣ ಅಲ್ಲ. ಹನ್ನೊಂದು, ಹನ್ನೆರಡು, ಹದಿಮೂರು... ನಮ್ಮ ಹೆಣ್ಣುಮಕ್ಕಳು ದೊಡ್ಡವರಾಗುವ ವಯಸ್ಸು. ಅಮ್ಮನ ಸೆರಗು ಹಿಡಿದು ನೂರೆಂಟು ಪ್ರಶ್ನೆ ಕೇಳುವ ವಯಸ್ಸು. ಗೌರಮ್ಮ ಆ ವಯಸ್ಸನ್ನು ಒಂದರ ನಂತರ ಇನ್ನೊಂದು ಬೇರೆಯವರ ಮನೆಯಲ್ಲಿ ಕಳೆದಳು. ಡ್ರಮಂಡ್ ದಂಪತಿಯ ನಂತರ ಸರ್ ಜೇಮ್ಸ್ ಹಾಗ್ ಅವರ ಮನೆ. ಆಮೇಲೆ 1858ರಲ್ಲಿ ಲಾಗಿನ್ ದಂಪತಿಯ ಮನೆ. ಎಲ್ಲರೂ ಗೌರವಸ್ಥರೇ. ಆದರೆ ನನ್ನ ಮನೆ ಅನ್ನುವಂಥದ್ದು ಒಂದೂ ಅಲ್ಲ.

ಬೆಳೆಯುತ್ತಾ ಹೋದಂತೆ ಹುಡುಗಿ ಹಟಮಾರಿ ಆದಳು ಅಂತ ದೊಡ್ಡವರು ದೂರಿದರು. ಓಡಿಹೋಗಲು ಯತ್ನಿಸಿದ್ದೂ ಉಂಟು. ಅರಮನೆಯಲ್ಲಿ ಓಡಾಡುವ ಹುಡುಗಿಗೆ ಓಡಿಹೋಗುವ ಬುದ್ಧಿ ಯಾಕೆ ಬಂತು ಅಂತ ಅವರಿಗೆಲ್ಲ ಆಶ್ಚರ್ಯ. ನಮಗೆ ಆಶ್ಚರ್ಯ ಆಗುತ್ತಾ? ನನಗಂತೂ ಇಲ್ಲ. ತವರಿಲ್ಲದ ಹುಡುಗಿ ಹುಡುಕಿಕೊಂಡು ಹೊರಟದ್ದು ತನ್ನದು ಅನ್ನುವ ಒಂದು ಮನೆಯನ್ನು.

ಇತ್ತ ರಾಜ ಕಂಪನಿಯ ಮೇಲೆ ಕೇಸು ಹಾಕಿದ್ದ. ವರ್ಷಗಳೇ ಕಳೆದವು. ಹಣವೂ ಬರಲಿಲ್ಲ, ರಾಜ್ಯವೂ ಬರಲಿಲ್ಲ. ಮಗಳೂ ಕೈತಪ್ಪಿದಳು. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮನಿಗೆ ಆಗ ಹದಿನೆಂಟು. ರಕ್ತಸಂಬಂಧ ಅಂತ ಆ ದೇಶದಲ್ಲಿ ಇದ್ದ ಕೊನೆಯ ಎಳೆಯೂ ಕಡಿದುಹೋಯಿತು.

ಮದುವೆ ಎಂಬ ಇನ್ನೊಂದು ಲೆಕ್ಕಾಚಾರ

ಗೌರಮ್ಮನಂತೆಯೇ ರಾಜ್ಯ ಕಳೆದುಕೊಂಡು ಕ್ರೈಸ್ತನಾದ ಇನ್ನೊಬ್ಬ ಹುಡುಗ 1854ರಲ್ಲಿ ಇಂಗ್ಲೆಂಡಿಗೆ ಬಂದಿದ್ದ. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್, ರಣಜಿತ್ ಸಿಂಗನ ಮಗ. ಆತನನ್ನೂ ಅಮ್ಮನಿಂದ ಬೇರೆ ಮಾಡಿಯೇ ಬೆಳೆಸಿದ್ದು. ಇವರಿಬ್ಬರಿಗೂ ಮದುವೆಯಾದರೆ ಎಷ್ಟು ಚೆನ್ನ ಅಂತ ರಾಣಿಗೆ ಆಸೆ. ನಮ್ಮಲ್ಲೂ ದೊಡ್ಡವರು ಹಾಗೇ ತಾನೆ ಲೆಕ್ಕ ಹಾಕೋದು! ಜಾತಕ ಕೂಡಿತು, ಅಂತಸ್ತು ಕೂಡಿತು, ಮುಗೀತು. ಆದರೆ ಮನಸ್ಸು ಕೂಡಲಿಲ್ಲ. ದುಲೀಪ್ ಸಿಂಗ್ ಒಪ್ಪಲಿಲ್ಲ. ಇಬ್ಬರೂ ಪರಿಚಯದ ಸ್ನೇಹಿತರಾಗಿ ಉಳಿದರು ಅಷ್ಟೇ.

1860ರಲ್ಲಿ ಗೌರಮ್ಮ ಮದುವೆಯಾದದ್ದು ಲೇಡಿ ಲಾಗಿನ್ ಅವರ ಸಹೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು. ಆಕೆಗೆ ಹತ್ತೊಂಬತ್ತು. ಆತ ವಿಧುರ, ಆಕೆಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು, ಮಕ್ಕಳಿದ್ದವನು. ತನ್ನ ಅಪ್ಪನ ವಯಸ್ಸಿನವನನ್ನು ಹತ್ತೊಂಬತ್ತರ ಹುಡುಗಿ ಯಾಕೆ ಒಪ್ಪಿದಳು? ಅಪ್ಪ ತೀರಿಕೊಂಡು ಇನ್ನೂ ವರ್ಷ ಕಳೆದಿರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಂಡು ಈ ಪ್ರಶ್ನೆ ಕೇಳಿಕೊಳ್ಳಿ. ಉತ್ತರ ನಿಮಗೇ ಹೊಳೆಯುತ್ತದೆ.

ಮದುವೆ ಸುಖ ಕೊಡಲಿಲ್ಲ. ಗಂಡನ ಕಣ್ಣು ಆಕೆಯ ಹಣ, ಒಡವೆಗಳ ಮೇಲಿತ್ತು. 1861ರಲ್ಲಿ ಹೆಣ್ಣುಮಗು ಹುಟ್ಟಿತು. ಈಡಿತ್ ವಿಕ್ಟೋರಿಯಾ ಗೌರಮ್ಮ ಅಂತ ಹೆಸರಿಟ್ಟರು. ಗಮನಿಸಿದಿರಾ? ಮಗುವಿನ ಹೆಸರಿನ ಕೊನೆಯಲ್ಲಿ ತನ್ನ ಹಳೆಯ ಹೆಸರು ಇದೆ. ಅಮ್ಮನಿಂದ ಮಗಳಿಗೆ ನಮ್ಮಲ್ಲಿ ಸರ, ಬಳೆ, ರೇಷ್ಮೆ ಸೀರೆ ಹೋಗುತ್ತದೆ. ಇಲ್ಲಿ ಹೋದದ್ದು ಒಂದು ಹೆಸರು.

ಆ ಹೊತ್ತಿಗಾಗಲೇ ಕ್ಷಯ ಆಕೆಯ ಎದೆ ಹೊಕ್ಕಿತ್ತು. ಆಗ ಅದಕ್ಕೆ ಔಷಧವೇ ಇರಲಿಲ್ಲ. 1864ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಗೌರಮ್ಮ ಹೋಗಿಬಿಟ್ಟಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ. ಅಪ್ಪನನ್ನು ಮಣ್ಣು ಮಾಡಿದ್ದು ಅದೇ ಊರಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಸತ್ತ ಮೇಲೂ ಇಬ್ಬರೂ ಬೇರೆ ಬೇರೆ ಕಡೆ.

ಎರಡು ರಕ್ತದ ಕೂಸು

ಗೌರಮ್ಮನ ಅಪ್ಪ ಅಮ್ಮ ಇಬ್ಬರೂ ನಮ್ಮ ಕಡೆಯವರೇ. ಆಕೆಯನ್ನು ಎರಡು ಲೋಕದ ನಡುವೆ ನಿಲ್ಲಿಸಿದ್ದು ಬೆಳೆಸಿದ ರೀತಿ. ಆದರೆ ಈಡಿತ್ ಹುಟ್ಟಿನಿಂದಲೇ ಎರಡು ಕಡೆಯವಳು. ಅಪ್ಪ ಬಿಳಿಯ, ಅಮ್ಮ ಕನ್ನಡನಾಡಿನ ಅರಸುಮನೆಯವಳು. ಪಂಚನಹಳ್ಳಿಯ ಜಗಲಿಯಲ್ಲಿ ಕೂತಿದ್ದ ಆ ಹುಡುಗಿಯ ಹಾಗೇ.

ಅಮ್ಮ ಸತ್ತಾಗ ಈಡಿತ್‌ಗೆ ಮೂರು ವರ್ಷವೂ ತುಂಬಿರಲಿಲ್ಲ. ಗೌರಮ್ಮನಂತೆ ಈಕೆಗೂ ಅಮ್ಮನ ಮುಖ ನೆನಪಿನಲ್ಲಿ ಉಳಿಯುವ ವಯಸ್ಸಲ್ಲ. ಮುಂದೆ 1867ರಲ್ಲಿ ಇನ್ನೊಂದು ಆಘಾತ. ಅಪ್ಪ ಕರ್ನಲ್ ಕ್ಯಾಂಪ್‌ಬೆಲ್ ಮನೆಯಿಂದ ಹೊರಗೆ ಹೋದವನು ಹಿಂತಿರುಗಿ ಬರಲೇ ಇಲ್ಲ. ಗೌರಮ್ಮನ ಒಡವೆಗಳೂ ಅವನ ಜೊತೆಗೇ ಕಾಣೆಯಾದವು ಅನ್ನುತ್ತಾರೆ. ಏನಾದ ಅನ್ನುವುದು ಪತ್ತೆಯೇ ಆಗಲಿಲ್ಲ. ಆರು ವರ್ಷದ ಹುಡುಗಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಳು. ಆದರೂ ಬೆಳೆದಳು. 1882ರಲ್ಲಿ ಮದುವೆಯಾಗಿ ಮಗುವಿನ ತಾಯಿಯೂ ಆದಳು.

ಇನ್ನೊಂದು ವಿಚಿತ್ರ ಕೇಳಿ. ಗೌರಮ್ಮನನ್ನು ಬೇಡವೆಂದ ದುಲೀಪ್ ಸಿಂಗ್ ಮದುವೆಯಾದದ್ದು ಗೌರಮ್ಮ ಸತ್ತ ವರ್ಷವೇ, 1864ರಲ್ಲಿ. ಹುಡುಗಿ ಬಾಂಬಾ ಮುಲ್ಲರ್. ಅಪ್ಪ ಜರ್ಮನಿಯ ವ್ಯಾಪಾರಿ, ಅಮ್ಮ ಇಥಿಯೋಪಿಯಾದವಳು. ಕೈರೋದ ಮಿಷನ್ ಶಾಲೆಯಲ್ಲಿ ಬೆಳೆದವಳು. ಎರಡು ಊರು, ಎರಡು ಬಣ್ಣದ ನಡುವೆ ಹುಟ್ಟಿದ ಹೆಣ್ಣುಮಕ್ಕಳು ಇವತ್ತಿನ ಹೊಸ ಸಂಗತಿ ಏನಲ್ಲ ನೋಡಿ. ಆಗಲೂ ಇದ್ದರು. ಅವರ ಮನಸ್ಸಿನಲ್ಲಿ ಏನಿದೆ ಅಂತ ಕೂತು ಕೇಳುವ ಪುರುಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

ಕೊಡಗಿನ ಲೇಖಕ ಸಿ.ಪಿ. ಬೆಳ್ಳಿಯಪ್ಪ 2010ರಲ್ಲಿ ಗೌರಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಸತ್ತು ಸುಮಾರು ನೂರೈವತ್ತು ವರ್ಷದ ಮೇಲೆ ಕೊಡಗಿನವರೊಬ್ಬರು ಆಕೆಯನ್ನು ನಮ್ಮ ಹುಡುಗಿ ಅಂತ ಹುಡುಕಿಕೊಂಡು ಹೋದ ಹಾಗಾಯಿತು. ತಡವಾಗಿಯಾದರೂ ತವರಿನಿಂದ ಒಂದು ಕರೆ ಬಂತಲ್ಲ ಅಂತ ನನಗೆ ಸಮಾಧಾನ.

ನಾವೇನು ಮಾಡಬಹುದು?

ಗೌರಮ್ಮನಿಗೆ ಕೊರತೆ ಇದ್ದದ್ದು ಯಾವುದಕ್ಕೆ? ಬಟ್ಟೆಗಲ್ಲ, ಒಡವೆಗಲ್ಲ, ಓದಿಗಲ್ಲ. ನನ್ನ ಅಮ್ಮ ಹೇಗಿದ್ದಳು ಅಂತ ಕೇಳಲು ಒಬ್ಬರು ಬೇಕಿತ್ತು. ಅಪ್ಪನ ನೆನಪಾಗುತ್ತೆ ಅಂತ ಹೇಳಿ ಅಳಲು ಒಂದು ಮಡಿಲು ಬೇಕಿತ್ತು. ಆಕೆಯ ಒಳ್ಳೆಯದಕ್ಕೇ ಅಂತ ಎಲ್ಲರೂ ಸೇರಿ ಅದನ್ನೇ ಕಿತ್ತುಕೊಂಡರು. ಒಳ್ಳೆಯದಕ್ಕೇ ಅಂತ ನಾವೂ ಎಷ್ಟೋ ಸಲ ಅದನ್ನೇ ಮಾಡುತ್ತೇವೆ.

ಈಗ ನಮ್ಮ ಸುತ್ತಮುತ್ತ ಇಂಥ ಮಕ್ಕಳು ಬೇಕಾದಷ್ಟಿದ್ದಾರೆ. ಅಪ್ಪ ಒಂದು ದೇಶ ಅಮ್ಮ ಒಂದು ದೇಶ, ಅಪ್ಪ ಒಂದು ಜಾತಿ ಅಮ್ಮ ಒಂದು ಜಾತಿ. ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡು ಅಜ್ಜಿ, ಚಿಕ್ಕಮ್ಮನ ಮನೆಯಲ್ಲಿ ಬೆಳೆಯುವವರು. ಅಂಥ ಮಗು ನಿಮ್ಮ ಮನೆಗೆ ಬಂದರೆ ಇಷ್ಟು ಮಾಡಿ:

• ತೀರಿಕೊಂಡವರ ಹೆಸರು ಎತ್ತುವುದನ್ನು ನಿಲ್ಲಿಸಬೇಡಿ. ಮಗು ಅತ್ತರೆ ಅಳಲಿ ಬಿಡಿ. ಪಕ್ಕದಲ್ಲಿ ಕೂತಿರಿ ಅಷ್ಟೇ. ಮುಚ್ಚಿಟ್ಟ ದುಃಖ ಮುಂದೆ ಹಟವಾಗಿ, ಸಿಟ್ಟಾಗಿ ಹೊರಗೆ ಬರುತ್ತದೆ.

• ಮಗುವನ್ನು ಎದುರು ನಿಲ್ಲಿಸಿಕೊಂಡು ಬಣ್ಣ ಯಾರದು, ಕೂದಲು ಯಾರದು ಅಂತ ಪಾಲು ಮಾಡಬೇಡಿ. ಮೆಚ್ಚಿಕೊಂಡು ಹೇಳಿದರೂ ಅದು ಚುಚ್ಚುತ್ತದೆ. ಬಂದವರು ಶುರು ಮಾಡಿದರೆ ನೀವೇ ನಯವಾಗಿ ಮಾತು ಬದಲಿಸಿ.

• ಅಪ್ಪನ ಕಡೆಯವರನ್ನು ಅಮ್ಮನ ಕಡೆಯವರು, ಅಮ್ಮನ ಕಡೆಯವರನ್ನು ಅಪ್ಪನ ಕಡೆಯವರು ಮಗುವಿನ ಮುಂದೆ ಹಳಿಯಬೇಡಿ. ಬೈದದ್ದು ಅವರಿಗಾದರೂ ನೋವಾಗುವುದು ಆ ಮಗುವಿಗೇ.

• ಎರಡೂ ಕಡೆಯ ಭಾಷೆ, ಅಡುಗೆ, ಹಬ್ಬ ಎರಡನ್ನೂ ಮಗುವಿಗೆ ಕೊಡಿ. ಒಂದನ್ನು ಕಲಿಸಲು ಇನ್ನೊಂದನ್ನು ಮರೆಸಬೇಕಾಗಿಲ್ಲ.

• ಓದಿಗೆ, ಭವಿಷ್ಯಕ್ಕೆ ಅಂತ ಮಗುವನ್ನು ಮನೆಯಿಂದ ಮನೆಗೆ ಸಾಗಿಸುವ ಮುಂಚೆ ಒಮ್ಮೆ ಅದನ್ನೇ ಕೇಳಿ. ಹತ್ತು ದಾಟಿದ ಮಕ್ಕಳಿಗೆ ತಮ್ಮದೇ ಮನಸ್ಸು ಇರುತ್ತದೆ.

• ತಿಂಗಳುಗಟ್ಟಲೆ ಊಟ ಬಿಡುವುದು, ನಿದ್ದೆ ಇಲ್ಲದಿರುವುದು, ಯಾರೊಂದಿಗೂ ಸೇರದಿರುವುದು ಕಂಡರೆ ಸುಮ್ಮನೆ ಕೂರಬೇಡಿ. ಮಕ್ಕಳ ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಾರನೇ ದಿನ ಕಾಫಿ ಕುಡಿಯುತ್ತಾ ಅಜ್ಜಿಗೆ ಗೌರಮ್ಮನ ಕಥೆ ಹೇಳಿದೆ. ಬುದ್ಧಿ ಹೇಳುವ ಧೈರ್ಯ ನನಗಿರಲಿಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ ನಾನೇನು ಹೇಳಲಿ? ಅವರು ಏನೂ ಮಾತಾಡಲಿಲ್ಲ. ಲೋಟ ತೊಳೆದಿಟ್ಟು ಒಳಗೆ ಹೋದರು. ಬೀರುವಿನ ಬಾಗಿಲು ಕಿರ್ ಅಂದದ್ದು ಕೇಳಿಸಿತು.

ಸಂಜೆ ನೋಡಿದರೆ ಫೋಟೊ ನಡುಮನೆಯ ಗೋಡೆಯಲ್ಲಿತ್ತು. ಅಜ್ಜಿ ಮೊಮ್ಮಗಳಿಗೆ ತಲೆ ಬಾಚುತ್ತಾ, ಅವಳಮ್ಮ ಚಿಕ್ಕವಳಿದ್ದಾಗ ಪರೀಕ್ಷೆಯ ದಿನ ತೆಂಗಿನ ತೋಟದಲ್ಲಿ ಅಡಗಿ ಕೂತ ಕಥೆ ಹೇಳುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರು. ಇಬ್ಬರೂ ನಗುತ್ತಲೂ ಇದ್ದರು. ಆ ಹುಡುಗಿಯ ಪ್ರಶ್ನೆಗೆ ಊರಿಗೆ ಹೊರಡುವ ದಿನ ನಾನು ಕೊಟ್ಟ ಉತ್ತರ ಇಷ್ಟೇ. ನೀನು ಇಲ್ಲಿಯವಳೂ ಹೌದು, ಅಲ್ಲಿಯವಳೂ ಹೌದು. ಇದು ನಿನ್ನ ಅಮ್ಮನ ತವರು, ಹಾಗಾಗಿ ನಿನಗೂ ತವರೇ. ಯಾವಾಗ ಬೇಕಾದರೂ ಬಾ ಅಂದೆ. ಅವಳು ತಲೆಯಾಡಿಸಿದಳು. ಪೂರ್ತಿ ನಂಬಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಂಬಲು ಕಾಲ ಬೇಕು.

ನಿಮ್ಮ ಬೀರುವಿನಲ್ಲೂ ಸೀರೆಗಳ ಕೆಳಗೆ ಅಂಥದ್ದೊಂದು ಫೋಟೊ ಇದ್ದರೆ, ಇವತ್ತೇ ತೆಗೆದು ಗೋಡೆಗೆ ಹಾಕಿ. ಮಕ್ಕಳು ನೋಡಲಿ.